ಕ್ಯಾಮೆರಾ ಜೊತೆ ಬಂದ ಮೊದಲ ಪುಸ್ತಕ

ಹೋದ ತಿಂಗಳು ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ. ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿ ನಡುಮನೆಯ ಮಂದ ಬೆಳಕಲ್ಲಿ ಇನ್ನೂರು ಫೋಟೋ ಹೊಡೆದೆ. ಒಂದರಲ್ಲೂ ಅಜ್ಜಿಯ ಮುಖ ಸ್ಪಷ್ಟವಾಗಿಲ್ಲ, ಎಲ್ಲಾ ಅಲುಗಾಡಿದ್ದು! ಡಬ್ಬದಲ್ಲಿದ್ದ ತೆಳು ಕೈಪಿಡಿಯಲ್ಲಿ ಬ್ಯಾಟರಿ ಹಾಕೋದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಬೆಂಗಳೂರಿಗೆ ಬಂದು ಎರಡು ಪುಸ್ತಕ ತರಿಸಿದೆ. ಒಂದು ನನ್ನ ಮಾಡೆಲ್‌ನ ಮೆನುಗಳ ಗೈಡ್, ಇನ್ನೊಂದು ಆನ್ಸೆಲ್ ಆಡಮ್ಸ್ 1980ರಲ್ಲಿ ತಂದ 'ದಿ ಕ್ಯಾಮೆರಾ'. "ಯೂಟ್ಯೂಬ್ ಇರೋವಾಗ ಪುಸ್ತಕಕ್ಕೆ ದುಡ್ಡು ಹಾಕ್ತಾರೇನೋ?" ಅಂತ ರೂಮ್‌ಮೇಟ್ ನಕ್ಕ. ಅವನಿಗೆ ಉತ್ತರ ಹುಡುಕ್ತಾ ಹೋದವನು 1839ಕ್ಕೆ ಬಂದು ನಿಂತೆ.

ಆ ವರ್ಷ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ವಿಜ್ಞಾನ ಮತ್ತು ಲಲಿತಕಲಾ ಅಕಾಡೆಮಿಗಳ ಜಂಟಿ ಸಭೆ. ಲೂಯಿ ಡಾಗೇರ್‌ನ ಫೋಟೋ ತೆಗೆಯುವ ಗುಟ್ಟನ್ನು ವಿಜ್ಞಾನಿ ಅರಾಗೋ ಅಲ್ಲಿ ಬಿಡಿಸಿ ಹೇಳಿದ. ಆ ಗುಟ್ಟಿಗೆ ಫ್ರೆಂಚ್ ಸರ್ಕಾರ ಕೊಟ್ಟ ಬೆಲೆ ವರ್ಷಾಶನ: ಡಾಗೇರ್‌ಗೆ 6,000 ಫ್ರಾಂಕ್, 1833ರಲ್ಲೇ ತೀರಿಹೋಗಿದ್ದ ಪಾಲುದಾರ ನಿಯೆಪ್ಸ್‌ನ ಮಗನಿಗೆ 4,000.

ಡಾಗೇರ್‌ನ ಕೈಪಿಡಿಯೂ ಆಗಲೇ ಬಂತು. ಬೆಳ್ಳಿ ಲೇಪದ ತಾಮ್ರದ ತಗಡನ್ನು ಉಜ್ಜೋದು, ಅಯೋಡಿನ್ ಆವಿ ಹಿಡಿಸೋದು, ಕ್ಯಾಮೆರಾದಲ್ಲಿ ಬೆಳಕಿಗೆ ಒಡ್ಡಿ ಆಮೇಲೆ ಬಿಸಿ ಪಾದರಸದ ಆವಿಯಲ್ಲಿ ಚಿತ್ರ ಮೂಡಿಸೋದು, ಎಲ್ಲಾ ಒಂದೊಂದೇ ಹೆಜ್ಜೆಯಾಗಿ ಅದರಲ್ಲಿತ್ತು. ಜೊತೆಗೆ ಸಲಕರಣೆಗಳ ಚಿತ್ರಗಳು. ಕೊಳ್ಳಲಾಗದವನು ಬಡಗಿ ಹತ್ತಿರ ಪೆಟ್ಟಿಗೆ ಮಾಡಿಸಿಕೊಳ್ಳಬಹುದಿತ್ತು. ನಮ್ಮ ಭಾಷೇಲಿ ಓಪನ್ ಸೋರ್ಸ್ ಅನ್ನಿ! ಆದರೆ ಸಭೆಗೆ ಐದು ದಿನ ಮೊದಲೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿ ಆಗಿತ್ತು. ಅಲ್ಲಿಯವರು ಪುಸ್ತಕ ಓದಬಹುದು, ಫೋಟೋ ತೆಗೆಯೋಕೆ ಲೈಸೆನ್ಸ್ ಬೇಕು :)

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಇದನ್ನೆಲ್ಲ ತಲೆಕೆಳಗು ಮಾಡಿದ. 25 ಡಾಲರಿನ ಕೊಡಾಕ್, ಒಳಗೆ ನೂರು ಚಿತ್ರಗಳ ಫಿಲ್ಮು. ಅದರ ಕೈಪಿಡಿಯನ್ನು ಅವನೇ ಕೂತು ಬರೆದ. ದಾರ ಎಳೆ, ಕೀಲಿ ತಿರುಗಿಸು, ಗುಂಡಿ ಒತ್ತು, ಅಷ್ಟೇ. ಫಿಲ್ಮು ಮುಗಿದ ಮೇಲೆ 10 ಡಾಲರ್ ಸಮೇತ ಕ್ಯಾಮೆರಾನೇ ಕಂಪನಿಗೆ ಕಳಿಸಬೇಕು, ಉಳಿದದ್ದು ಅವರ ಕೆಲಸ. ಲಕ್ಷಾಂತರ ಜನಕ್ಕೆ ಫೋಟೋ ಸಿಕ್ಕಿತು, ನಿಜ. ಆದರೆ ಗುಟ್ಟು ಮತ್ತೆ ಪೆಟ್ಟಿಗೆಯೊಳಗೇ ಹೋಯಿತು. ನನ್ನ ತೆಳು ಕೈಪಿಡಿ ಈ ವಂಶದ್ದೇ.

2008ರಲ್ಲಿ ಪ್ಯಾನಸಾನಿಕ್ ಜಿ1 ಬಂದು ಕನ್ನಡಿಯೂ ಹೋಯಿತು, ಮೆನುಗಳು ಬೆಳೆದವು. ನನ್ನ ಮೆನು ಗೈಡ್ ಮುಂದಿನ ಮಾಡೆಲ್ ಬರುವವರೆಗೆ ಮಾತ್ರ. ಆಡಮ್ಸ್ ಪುಸ್ತಕದಲ್ಲಿ ನನ್ನ ಕ್ಯಾಮೆರಾದ ಒಂದು ಬಟನ್ನೂ ಇಲ್ಲ, ಆದರೆ ಅಜ್ಜಿಯ ಮುಖ ಯಾಕೆ ಕದಡಿತು ಅನ್ನೋದು ಗೊತ್ತಾಗಿದ್ದು ಅದರಿಂದಲೇ. ಕಡಿಮೆ ಬೆಳಕು, ಅದಕ್ಕೇ ನಿಧಾನ ಷಟರ್.

ಮೊನ್ನೆ ಮತ್ತೆ ಊರಿಗೆ ಹೋದೆ. ಅಜ್ಜಿಯ ಕುರ್ಚಿಯನ್ನು ಕಿಟಕಿ ಪಕ್ಕ ಎಳೆದು, ಷಟರ್ 1/125ಕ್ಕೆ ಇಟ್ಟೆ. "ಆಗೆಲ್ಲ ಸ್ಟುಡಿಯೋದವನು ಉಸಿರು ಬಿಗಿಹಿಡೀರಿ ಅಂತಿದ್ದ. ನೀನು ಹೇಳೋದೇ ಇಲ್ವಲ್ಲೋ?" ಅಂದ್ರು ಅಜ್ಜಿ. ನಕ್ಕೇಬಿಟ್ಟೆ. ಅವರೂ ನಕ್ಕರು. ಆ ನಗು ಈ ಸಲ ಸ್ಪಷ್ಟವಾಗಿ ಬಂದಿದೆ.