ನೆರಳಿನಲ್ಲಿ ರಂಗೇರುವ ಕೆಲಾಡಿಯಂ: ಒಣಗಿತೆಂದು ಎಸೆಯದಿರಿ

ಮುಂಗಾರು ಕಾಲಿಡುವ ಹೊತ್ತಿಗೆ ನಗರದ ನರ್ಸರಿಗಳಲ್ಲಿ ಕೆಂಪು, ಗುಲಾಬಿ, ಬಿಳಿ ಬಣ್ಣಗಳನ್ನು ಚಿಮುಕಿಸಿದಂಥ ಹೃದಯಾಕಾರದ ಎಲೆಗಳ ಗಿಡವೊಂದು ಗ್ರಾಹಕರನ್ನು ಸೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕೆಲಾಡಿಯಂ ಬೈಕಲರ್. ಎಲೆಯ ಆಕಾರ ನೋಡಿ ಬಣ್ಣದ ಕೆಸು ಎನ್ನುವವರೂ ಉಂಟು. ಬಿಸಿಲು ಬೀಳದ ಮೂಲೆಗೆ ಇದಕ್ಕಿಂತ ಸೊಗಸಾದ ಅಲಂಕಾರ ಸಸ್ಯ ಸಿಗುವುದು ಅಪರೂಪ. ಆದರೆ ಚಳಿಗಾಲ ಸಮೀಪಿಸುತ್ತಿದ್ದಂತೆ ಎಲೆಗಳು ಒಂದೊಂದಾಗಿ ಬಾಡಿ ಬೀಳುತ್ತವೆ. ಗಿಡ ಸತ್ತಿತೆಂದು ಭಾವಿಸಿ ಕುಂಡವನ್ನೇ ಕಸಕ್ಕೆ ಸುರಿಯುವವರು ಅನೇಕರು. ವಾಸ್ತವದಲ್ಲಿ ಮಣ್ಣಿನೊಳಗೆ ಅದರ ಗೆಡ್ಡೆ ಜೀವಂತವಾಗಿರುತ್ತದೆ.

ಕೆಸು, ಸುವರ್ಣಗೆಡ್ಡೆ, ಆಂಥೂರಿಯಂಗಳ ಕುಟುಂಬಕ್ಕೇ ಸೇರಿದ ಕೆಲಾಡಿಯಂನ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕದ ಉಷ್ಣವಲಯ. 19ನೇ ಶತಮಾನದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬ್ಲೂ ಇದರ ಮಿಶ್ರತಳಿಗಳ ಅಭಿವೃದ್ಧಿಯಲ್ಲಿ ಹೆಸರು ಮಾಡಿದರು. ಇಂದು ಮಾರುಕಟ್ಟೆಗೆ ಬರುವ ಗೆಡ್ಡೆಗಳ ಬಹುಪಾಲು ಅಮೆರಿಕದ ಫ್ಲೋರಿಡಾ ರಾಜ್ಯದ ಲೇಕ್ ಪ್ಲ್ಯಾಸಿಡ್ ಸುತ್ತಮುತ್ತಲ ಹೊಲಗಳಲ್ಲಿ ಬೆಳೆದದ್ದು. ತವರಿನಲ್ಲಿ ಮಳೆಗಾಲಕ್ಕೆ ಚಿಗುರಿ, ಒಣ ಋತುವಿನಲ್ಲಿ ಗೆಡ್ಡೆಯಾಗಿ ಉಳಿಯುವುದು ಇದರ ಸ್ವಭಾವ. ಕುಂಡದಲ್ಲಿಯೂ ಆ ಅಭ್ಯಾಸವನ್ನು ಅದು ಬಿಟ್ಟಿಲ್ಲ.

ನೆರಳಿನ ಗಿಡವೆಂದ ಮಾತ್ರಕ್ಕೆ ಕತ್ತಲೆಯಲ್ಲಿ ಇಡಬೇಕೆಂದಲ್ಲ. ತೀರಾ ಕತ್ತಲಾದರೆ ತೊಟ್ಟುಗಳು ಉದ್ದಕ್ಕೆ ಬೆಳೆದು ಬಾಗುತ್ತವೆ, ಬಣ್ಣ ಮಂಕಾಗುತ್ತದೆ. ನಡುಹಗಲಿನ ಬಿಸಿಲು ತಗುಲಿದರೆ ತೆಳುವಾದ ಎಲೆಗಳು ಸುಟ್ಟಂತಾಗುತ್ತವೆ. ಮರದ ಕೊಂಬೆಗಳ ನಡುವೆ ಸೋಸಿ ಬರುವ ಬೆಳಕು, ಪೂರ್ವ ದಿಕ್ಕಿನ ಬಾಲ್ಕನಿಯ ಎಳೆಬಿಸಿಲು ಸೂಕ್ತ. ಉತ್ತರ ಕರ್ನಾಟಕದ ಬಿರುಬೇಸಿಗೆಯಲ್ಲಿ ನೆರಳು ಪರದೆ ಅನಿವಾರ್ಯ.

ನೀರು ನಿಲ್ಲದ ಮಣ್ಣು ಮುಖ್ಯ. ಕೆಮ್ಮಣ್ಣಿಗೆ ಎಲೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು ಇಲ್ಲವೇ ತೆಂಗಿನ ನಾರಿನ ಪುಡಿ ಬೆರೆಸಬೇಕು. ಮೊಗ್ಗುಗಳಿರುವ ಗಂಟುಗಂಟಾದ ಭಾಗ ಮೇಲೆ ಬರುವಂತೆ ಗೆಡ್ಡೆಯನ್ನು 4ರಿಂದ 5 ಸೆಂ.ಮೀ. ಆಳದಲ್ಲಿ ನೆಡಬೇಕು. ಏಪ್ರಿಲ್-ಮೇ ತಿಂಗಳ ಬೆಚ್ಚನೆಯ ಮಣ್ಣು ಇದಕ್ಕೆ ಪ್ರಶಸ್ತ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಗೆಡ್ಡೆ ಮೊಳೆಯುವ ಮೊದಲೇ ಕೊಳೆಯುತ್ತದೆ. ನಡುವಿನ ದಪ್ಪ ಮೊಗ್ಗನ್ನು ಚಾಕುವಿನ ತುದಿಯಿಂದ ಚಿವುಟಿ ತೆಗೆದರೆ ಪಕ್ಕದ ಮೊಗ್ಗುಗಳೆಲ್ಲ ಚಿಗುರಿ, ಎಲೆಗಳು ಕೊಂಚ ಚಿಕ್ಕದಾದರೂ ಗಿಡ ತುಂಬಿಕೊಳ್ಳುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಮಿತಿಮೀರಿ ಹಾಕಿದರೆ ಹಸಿರು ಹೆಚ್ಚಿ ಬಣ್ಣ ಕುಂದುತ್ತದೆ. ಹೂವಿನಲ್ಲಿ ವಿಶೇಷವೇನಿಲ್ಲ, ಕಂಡ ಕೂಡಲೇ ಕತ್ತರಿಸುವುದು ಲೇಸು. ಮಳೆಗಾಲದ ರಾತ್ರಿಗಳಲ್ಲಿ ಬಸವನಹುಳುಗಳ ಮೇಲೆ ಕಣ್ಣಿಡಬೇಕು.

ಗಿಡದ ಅಳಿವು ಉಳಿವು ನಿರ್ಧಾರವಾಗುವುದು ಮಳೆ ನಿಂತ ನಂತರ. ಅಕ್ಟೋಬರ್-ನವೆಂಬರ್ ವೇಳೆಗೆ ಹೊಸ ಎಲೆ ಬರುವುದು ನಿಂತು, ಹಳೆಯವು ಹಳದಿಯಾಗತೊಡಗುತ್ತವೆ. ಬಾಡಿದ್ದನ್ನು ಕಂಡು ಕನಿಕರದಿಂದ ಇನ್ನಷ್ಟು ನೀರುಣಿಸುವುದೇ ಇಲ್ಲಿ ಆಗುವ ದೊಡ್ಡ ಪ್ರಮಾದ. ಎಲೆಗಳಿಲ್ಲದ ಗೆಡ್ಡೆ ನೀರನ್ನು ಬಳಸಿಕೊಳ್ಳಲಾರದು, ತೇವದಲ್ಲೇ ಕೊಳೆತುಹೋಗುತ್ತದೆ. ಆದ್ದರಿಂದ ನೀರನ್ನು ಕ್ರಮೇಣ ಕಡಿಮೆ ಮಾಡಿ, ಎಲೆಗಳೆಲ್ಲ ಒಣಗಿದ ಮೇಲೆ ಪೂರ್ತಿ ನಿಲ್ಲಿಸಬೇಕು. ಹಸಿರಿರುವ ಎಲೆಗಳನ್ನು ಅವಸರದಿಂದ ಕತ್ತರಿಸಬಾರದು, ಅವು ಕೊನೆಯವರೆಗೂ ಗೆಡ್ಡೆಗೆ ಆಹಾರ ಕೂಡಿಡುತ್ತಿರುತ್ತವೆ. ಬಳಿಕ ಕುಂಡವನ್ನು ಮಳೆ, ಇಬ್ಬನಿ ತಾಗದ ಕಡೆ ಹಾಗೆಯೇ ಇಡಬಹುದು. ಇಲ್ಲವಾದರೆ ಗೆಡ್ಡೆಯನ್ನು ಕಿತ್ತು, ನೆರಳಿನಲ್ಲಿ ಒಂದು ವಾರ ಆರಿಸಿ, ಒಣ ಮರಳು ಅಥವಾ ನಾರಿನ ಪುಡಿಯಲ್ಲಿ ಹುದುಗಿಸಿಡಬಹುದು. 15 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶ ಅದಕ್ಕೆ ಹಿತವಲ್ಲ. ಹೀಗಾಗಿ ಫ್ರಿಜ್‌ನಲ್ಲಿ ಇಡುವಂತಿಲ್ಲ.

ಬೇಸಿಗೆಯಲ್ಲಿ ಹೊರತೆಗೆದಾಗ ಗಟ್ಟಿಯಾಗಿದ್ದರೆ ಗೆಡ್ಡೆಗೆ ಜೀವವಿದೆ ಎಂದರ್ಥ. ಮೆತ್ತಗಾಗಿ ನಾರುವಂಥದನ್ನು ಎಸೆಯಬೇಕು. ದೊಡ್ಡ ಗೆಡ್ಡೆಯನ್ನು ಪ್ರತಿ ತುಂಡಿಗೂ ಮೊಗ್ಗು ಉಳಿಯುವಂತೆ ಕತ್ತರಿಸಿ, ಗಾಯ ಒಣಗಿದ ನಂತರ ನೆಟ್ಟರೆ ಒಂದು ಗಿಡ ಮೂರ್ನಾಲ್ಕಾಗುತ್ತದೆ.

ಕಿತ್ತಿಟ್ಟ ಗೆಡ್ಡೆಗಳನ್ನು ಅಡುಗೆಮನೆಯಿಂದ ದೂರವಿಟ್ಟು, ಹೆಸರಿನ ಚೀಟಿ ಅಂಟಿಸುವುದು ಅಗತ್ಯ. ನೋಡಲು ಅವು ಕೆಸುವಿನ ಗೆಡ್ಡೆಯನ್ನೇ ಹೋಲುತ್ತವೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವ ಆಷಾಢದ ದಿನಗಳಲ್ಲೇ ಕೆಲಾಡಿಯಂ ಕೂಡ ಸೊಂಪಾಗಿರುತ್ತದೆ. ಇದರ ಎಲೆ, ತೊಟ್ಟು, ಗೆಡ್ಡೆ ಎಲ್ಲದರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ತಿನ್ನುವ ಕೆಸುವಿನಲ್ಲೂ ಈ ಹರಳುಗಳಿದ್ದು, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಬೆಳೆದು ಬಂದಿರುವುದು ತುರಿಕೆ ತಗ್ಗಿಸಲೆಂದೇ. ಆದರೆ ಕೆಲಾಡಿಯಂ ಅಡುಗೆಗೆ ಒದಗುವ ಸಸ್ಯವಲ್ಲ. ಎರಡನ್ನೂ ಒಂದೇ ಪಾತಿಯಲ್ಲಿ ಬೆಳೆಸದಿರುವುದು ಕ್ಷೇಮ. ಮಗುವೇನಾದರೂ ಎಲೆ ಜಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ನಾಯಿ, ಬೆಕ್ಕುಗಳಿಗೂ ಇದೇ ತೊಂದರೆ. ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು ನೀರಿನಿಂದ ಮುಕ್ಕಳಿಸಬೇಕು, ವಾಂತಿ ಮಾಡಿಸಬಾರದು. ಗಂಟಲು ಊದಿ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗಿಡ ಕತ್ತರಿಸುವಾಗ ಕೈಗವಸು ಧರಿಸುವುದು ಒಳಿತು.