ಕ್ರೋಶಾ ಹೆಣಿಗೆ: ಮಂಗಳೂರು ಮತ್ತು ಕರಾವಳಿ

ಕೊಕ್ಕೆಯಿರುವ ಒಂದೇ ಸೂಜಿಯಿಂದ ನೂಲಿನ ಕುಣಿಕೆಗಳನ್ನು ಒಂದರೊಳಗೊಂದು ಎಳೆದು ಬಟ್ಟೆ ಮಾಡುವ ಕೈಕೆಲಸ ಕ್ರೋಶಾ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಕುಣಿಕೆಯಷ್ಟೇ ತೆರೆದಿದ್ದು ಉಳಿದವು ಆಗಿಂದಾಗ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಅರ್ಧಕ್ಕೆ ಬಿಟ್ಟು ಎದ್ದು ಹೋಗಬಹುದು, ತಪ್ಪಿದ ಕಡೆ ಬಿಚ್ಚಿ ಮತ್ತೆ ಹಾಕಬಹುದು. ಮನೆಗೆಲಸದ ನಡುವೆ ಇದು ಬಾಳಿ ಬಂದದ್ದಕ್ಕೆ ಈ ಅನುಕೂಲವೇ ದೊಡ್ಡ ಕಾರಣವೆನ್ನಬೇಕು.

ಅಚ್ಚಾದ ಕ್ರೋಶಾ ಮಾದರಿಗಳು ಮೊದಲು ಕಾಣುವುದು 1823ರ ಸುಮಾರಿಗೆ, ‘ಪೆನೆಲೋಪೆ’ ಎಂಬ ಡಚ್ ಪತ್ರಿಕೆಯಲ್ಲಿ. 1845ರಿಂದ ಐರ್ಲೆಂಡನ್ನು ಕಾಡಿದ ಬರಗಾಲದಲ್ಲಿ ಕ್ರೋಶಾ ಲೇಸು ಅನೇಕ ಬಡ ಕುಟುಂಬಗಳಿಗೆ ಅನ್ನ ಕೊಟ್ಟಿತು. ಭಾರತದಲ್ಲಿ ಅದನ್ನು ಹರಡಿದವರಲ್ಲಿ ಮಿಷನರಿಗಳು ಪ್ರಮುಖರು. ಗೋದಾವರಿ ಸೀಮೆಯ ನರಸಾಪುರದಲ್ಲಿ ಅದು ಸಾವಿರಾರು ಹೆಂಗಸರ ದುಡಿಮೆಯಾಯಿತು. ಆ ದುಡಿಮೆಗೆ ಸಿಗುತ್ತಿದ್ದ ಅಲ್ಪ ಕೂಲಿಯ ಬಗ್ಗೆ ಸಂಶೋಧಕಿ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು.

ಮಂಗಳೂರಿನ ದಾರಿ ಬೇರೆ. ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ. 1851ರಲ್ಲಿ ಬಂದ ಆ ಮಿಷನ್ನಿನ ಜಾನ್ ಹಾಲರ್ ಯುರೋಪಿನ ಮಾದರಿಯ ಮಗ್ಗಗಳಿಂದ ನೇಯ್ಗೆಯನ್ನು ಕಾರ್ಖಾನೆಯ ಕಸುಬಾಗಿ ಬೆಳೆಸಿದರು. ಖಾಕಿ ಬಣ್ಣದ ಕೀರ್ತಿಯನ್ನೂ ಅವರಿಗೆ ಕೊಡುವುದುಂಟು. ಮಗ್ಗ ಕಾರ್ಖಾನೆ ಸೇರಿದರೆ, ಸೂಜಿಯ ಕೆಲಸ ಹೆಣ್ಣುಮಕ್ಕಳ ಶಾಲೆಗಳಲ್ಲಿ ಉಳಿಯಿತು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು ಬಂದು ಸಂತ ಆ್ಯನ್ಸ್ ಶಾಲೆಯನ್ನು ಕಟ್ಟಿದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ, ಕಸೂತಿಗಳೂ ಪಾಠದ ಭಾಗವಾಗಿದ್ದವು. ಕಾನ್ವೆಂಟಿನಲ್ಲಿ ಕಲಿತದ್ದು ಚರ್ಚಿನ ಪೀಠವಸ್ತ್ರದ ಅಂಚಾಗಿ, ಮೇಜಿನ ಹಾಸಾಗಿ, ಕೂಸಿನ ಕುಲಾವಿಯಾಗಿ ಮನೆಗಳಿಗೆ ಬಂತು. ಸೆಕೆಯ ಊರಾದ್ದರಿಂದ ಇಲ್ಲಿ ಉಣ್ಣೆಗಿಂತ ಹತ್ತಿಯ ದಾರಕ್ಕೆ ಬೆಲೆ. ಉಪ್ಪುಗಾಳಿಗೆ ಉಕ್ಕಿನ ಸೂಜಿ ಬೇಗ ತುಕ್ಕು ಹಿಡಿದು ದಾರಕ್ಕೆ ಕಲೆ ಬೀಳುತ್ತದೆ, ಅದನ್ನು ಒರೆಸಿ ಒಣಗಿಸಿ ಇಡಬೇಕು.

ಈ ಕೈಕೆಲಸ ಮನೆಯಲ್ಲೇ ಉಳಿದರೂ ಸುತ್ತಲ ಊರು ಯಂತ್ರಗಳತ್ತ ಹೊರಳಿತು. ಪಣಂಬೂರಿನ ಪಕ್ಕದ ಬೈಕಂಪಾಡಿ ಕಡಲತಡಿಯ ಹಳ್ಳಿಯಾಗಿತ್ತು. ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಬೈಕಂಪಾಡಿ ಇಂದು ಕೈಗಾರಿಕಾ ಪ್ರದೇಶ. ಅಲ್ಲಿನಂಥ ಶೆಡ್ಡುಗಳಲ್ಲಿ ಎಷ್ಟೋ ವಸ್ತು ಯಂತ್ರದಿಂದ ಹೊರಬರಬಹುದು. ನಿಜವಾದ ಕ್ರೋಶಾ ಮಾತ್ರ ಇಂದಿಗೂ ಕೈಯಿಂದಲೇ ಆಗಬೇಕು. ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವ ಯಂತ್ರದ ಲೇಸಿನ ಹೆಣಿಗೆಯೇ ಬೇರೆ.

ಕೈಯ ಈ ಕ್ರೋಶಾದಲ್ಲಿ ಮೆತ್ತನೆಯ, ಉಬ್ಬಿನ ಬಟ್ಟೆ ಬೇಕೆನ್ನುವವರು ಕಲಿಯುವುದು ಪಫ್ ಹೆಣಿಗೆ. ಮೊದಲು ಚೈನ್, ಅಂದರೆ ಕುಣಿಕೆಗಳ ಸರಪಳಿ ಹಾಕಿ, ಅದರ ಮೇಲೊಂದು ಸಾದಾ ಸಾಲು. ಬಳಿಕ ಸೂಜಿಗೆ ದಾರ ಸುತ್ತಿ, ಆ ಸಾಲಿನ ಒಂದು ಕಣ್ಣಿಗೆ ತೂರಿಸಿ ಉದ್ದನೆಯ ಕುಣಿಕೆಯನ್ನು ಎಳೆಯಬೇಕು. ಅದೇ ಕಣ್ಣಿನಲ್ಲಿ ಮೂರು ನಾಲ್ಕು ಸಲ ಹೀಗೆಯೇ. ಸೂಜಿಯ ಮೇಲೆ ಗುಂಪಾದ ಕುಣಿಕೆಗಳೆಲ್ಲದರ ಮೂಲಕ ಒಮ್ಮೆಲೇ ದಾರ ಹಾಯಿಸಿ, ಒಂದು ಚೈನಿನಿಂದ ಬಿಗಿದರೆ ಪುಟ್ಟ ಉಬ್ಬು ನಿಲ್ಲುತ್ತದೆ. ಕಲಿಯುವವರು ಸೋಲುವುದು ಎಳೆಯುವ ಹದದಲ್ಲಿ. ಕುಣಿಕೆ ಗಿಡ್ಡವಾದರೆ ಸೂಜಿ ಹಾಯುವುದಿಲ್ಲ, ಹಾಯಿಸಿದರೂ ಉಬ್ಬು ಗಂಟಾಗಿ ಕೂರುತ್ತದೆ. ಎಲ್ಲ ಕುಣಿಕೆಗಳೂ ಒಂದೇ ಎತ್ತರಕ್ಕೆ ಬಂದರೆ ನೂಲು ಬಿಡಿಬಿಡಿಯಾಗಿ ನಿಂತು ಹತ್ತಿಯೂ ಮೃದುವಾಗುತ್ತದೆ. ದಾರಕ್ಕೆ ಹೇಳಿದ್ದಕ್ಕಿಂತ ಒಂದು ಅಳತೆ ದಪ್ಪ ಸೂಜಿ ಹಿಡಿಯುವುದು ಒಳ್ಳೆಯದು. ಪಾಪ್‌ಕಾರ್ನ್ ಹೆಣಿಗೆಯೂ ಉಬ್ಬಿನದೇ, ಆದರೆ ಅದರಲ್ಲಿ ಒಂದೇ ಕಣ್ಣಿನಲ್ಲಿ ಐದು ಉದ್ದ ಹೊಲಿಗೆ ಪೂರ್ತಿ ಮುಗಿಸಿ ಮಡಚುವುದರಿಂದ ಬಟ್ಟೆ ದಪ್ಪವಾಗುತ್ತದೆ, ನೂಲೂ ಹೆಚ್ಚು ಹಿಡಿಯುತ್ತದೆ. ಹಸುಗೂಸಿನ ಹೊದಿಕೆಗೆ ಪಫ್ ಹೆಣಿಗೆಯೇ ಮೇಲು.

ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಕರಾವಳಿಯಲ್ಲಿ ಉಡುಪಿ ಸೀರೆಗೂ ಆ ಗೌರವ ಸಂದಿದೆ. ಮಾರುಕಟ್ಟೆಗೆ ಹೋಗದೆ ಮನೆಯೊಳಗೇ ಉಳಿದ ಮಂಗಳೂರಿನ ಕ್ರೋಶಾಕ್ಕೆ ಅಂಥ ದಾಖಲೆಯಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿ ಹಾಕಿದ ತುಂಡು ಸಿಕ್ಕಿದವರು ಅದನ್ನು ಹಾಕಿದವರ ಹೆಸರು, ಕಲಿತ ಶಾಲೆ, ಸುಮಾರಿನ ವರ್ಷ ಬರೆದು ಜೊತೆಗಿಡಬೇಕು.