ಶ್ರೀಮಂತನ ತೋಟದಿಂದ ಕಾರ್ಮಿಕನ ಹಿತ್ತಿಲಿಗೆ: ಪುಟ್ಟ ರೈಲಿನ ಚರಿತ್ರೆ

ರೈಲು ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಸರ್ಕಾರ. ಹಳಿ ಸರ್ಕಾರದ್ದು, ಎಂಜಿನ್ ಸರ್ಕಾರದ್ದು, ಟಿಕೆಟ್ ನೋಡಲು ಬರುವ ಕರಿ ಕೋಟಿನವನೂ ಸರ್ಕಾರದವನೇ. ಒಬ್ಬ ಮನುಷ್ಯ ಸ್ವಂತಕ್ಕೆಂದು ಸೈಕಲ್ಲು, ಕಾರು, ದೋಣಿ ಇಟ್ಟುಕೊಳ್ಳಬಹುದು. ರೈಲು ಇಟ್ಟುಕೊಂಡಿದ್ದಾನೆ ಎಂದರೆ ಕೇಳಿದವರು ನಗುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ, ಆಮೇಲೆ ಅಮೆರಿಕದಲ್ಲಿ, ತಮ್ಮ ಕೈಯಿಂದಲೇ ಉಗಿ ಎಂಜಿನ್ ಕಟ್ಟಿ, ಹಿತ್ತಿಲಲ್ಲಿ ಹಳಿ ಹಾಸಿ, ಅದರ ಮೇಲೆ ಕೂತು ಓಡಾಡುವ ಜನ ತಲೆಮಾರುಗಳಿಂದ ಇದ್ದಾರೆ. ಇದು ಕೀಲಿ ಕೊಟ್ಟು ಮೇಜಿನ ಮೇಲೆ ಬಿಡುವ ಆಟಿಕೆಯಲ್ಲ. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಉಗಿಯ ಒತ್ತಡದಿಂದ ಮನುಷ್ಯರನ್ನು ಎಳೆಯುವ ನಿಜವಾದ ರೈಲು. ಗಾತ್ರ ಮಾತ್ರ ಚಿಕ್ಕದು.

ಈ ಹವ್ಯಾಸದ ಚರಿತ್ರೆಯನ್ನು ಸಾಮಾನ್ಯವಾಗಿ ಎಂಜಿನ್‌ಗಳ ಚರಿತ್ರೆಯಾಗಿ ಬರೆಯುತ್ತಾರೆ. ನನಗೆ ಅದರೊಳಗೆ ಇನ್ನೊಂದು ಕಥೆ ಕಾಣುತ್ತದೆ. ಹಣವುಳ್ಳವರ ಬೇಲಿಯೊಳಗಿದ್ದ ಒಂದು ವಿದ್ಯೆ ದುಡಿಯುವವರ ಕೈಗೆ ಹೇಗೆ ಬಂತು ಎಂಬ ಕಥೆ ಅದು.

ಎರಡು ಗೇಣೂ ಇಲ್ಲದ ಹಳಿ

ಸರ್ ಆರ್ಥರ್ ಹೇವುಡ್ ಹುಟ್ಟಿದ್ದು 1849ರಲ್ಲಿ. ವಂಶಪಾರಂಪರ್ಯವಾಗಿ ಬಂದ ಬ್ಯಾರನೆಟ್ ಪದವಿ, ಕೇಂಬ್ರಿಜ್‌ನ ಓದು, ಕೈತುಂಬ ಹಣ ಎಲ್ಲವೂ ಇದ್ದವು. ಅವನಿಗಿದ್ದ ಹುಚ್ಚು ಯಂತ್ರಗಳದ್ದು. ಅವನ ಅಂತಸ್ತಿನವರು ಎಂಜಿನಿಯರ್ ಕೆಲಸವನ್ನು ಹೊಟ್ಟೆಪಾಡಿನ ಕಸುಬಾಗಿ ಹಿಡಿಯುವುದು ಆ ಕಾಲದಲ್ಲಿ ರೂಢಿಯಲ್ಲಿರಲಿಲ್ಲ. ಹೀಗಾಗಿ ಅವನು ಡರ್ಬಿಶೈರ್ ಪ್ರಾಂತದ ಡಫೀಲ್ಡ್‌ನಲ್ಲಿದ್ದ ತನ್ನ ಮನೆಯಲ್ಲೇ ಕಾರ್ಯಾಗಾರ ಹೂಡಿ, 1874ರಲ್ಲಿ ತೋಟದ ಸುತ್ತ ರೈಲು ಹಾಕಲು ತೊಡಗಿದ. ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜು, 15 ಇಂಚು. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ ಎಂಬುದನ್ನು ನೆನೆದರೆ ಇದೆಷ್ಟು ಚಿಕ್ಕದು ಎಂದು ತಿಳಿಯುತ್ತದೆ.

ಈ 15 ಇಂಚು ಮನಸ್ಸಿಗೆ ತೋಚಿದ ಲೆಕ್ಕವಲ್ಲ. ಮೊದಲು ಅವನು 9 ಇಂಚಿನ ಹಳಿ ಹಾಕಿ ನೋಡಿದ್ದ. ಮೇಲೆ ಕೂತವರ ಭಾರಕ್ಕೆ ಗಾಡಿ ಓಲಾಡುತ್ತಿತ್ತು. ಮನುಷ್ಯ ಧೈರ್ಯವಾಗಿ ಕೂರಬಹುದಾದ ಕನಿಷ್ಠ ಅಗಲ ಎಷ್ಟು ಎಂದು ಹುಡುಕುತ್ತಾ 15ಕ್ಕೆ ಬಂದು ನಿಂತ. ದೊಡ್ಡ ಜಮೀನು, ಕಲ್ಲುಗಣಿ, ಸೈನ್ಯದ ಸಾಮಗ್ರಿ ಸಾಗಣೆ ಇಂಥ ಕಡೆ ಕುದುರೆಗಾಡಿಯ ಬದಲು ತನ್ನ ಪುಟ್ಟ ರೈಲು ಸಾಕು ಎಂಬುದು ಅವನ ವಾದ. 1881ರಲ್ಲಿ ಇದರ ಬಗ್ಗೆ ಪುಸ್ತಕವನ್ನೂ ಅಚ್ಚು ಹಾಕಿಸಿದ. ಎಂಜಿನ್‌ಗಳನ್ನು ಸ್ವತಃ ಕಟ್ಟಿದ. ಊಟದ ಬೋಗಿ, ಮಲಗುವ ಬೋಗಿಗಳನ್ನೂ ಮಾಡಿದ. ಎರಡು ಗೇಣೂ ಇಲ್ಲದ ಹಳಿಯ ಮೇಲೆ ಮಲಗುವ ಬೋಗಿ!

ಸೈನ್ಯದವರು ಒಪ್ಪಲಿಲ್ಲ. ಅವನ ಮಾತಿಗೆ ಬೆಲೆ ಕೊಟ್ಟವನು ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್. 1896ರಲ್ಲಿ ಅವನ ಈಟನ್ ಹಾಲ್ ಬಂಗಲೆಗೆ ಕಲ್ಲಿದ್ದಲು ಮತ್ತು ಇತರ ಸಾಮಾನು ಸಾಗಿಸಲು ಹೇವುಡ್ ಸುಮಾರು ಮೂರು ಮೈಲಿಯ ಹಳಿ ಹಾಕಿಕೊಟ್ಟ. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಅದು ದುಡಿಯಿತು. 1916ರಲ್ಲಿ ಹೇವುಡ್ ತೀರಿಕೊಂಡ ಮೇಲೆ ಡಫೀಲ್ಡ್‌ನ ಹಳಿಗಳನ್ನು ಕಿತ್ತರು. ಆದರೆ ಅವನು 1894ರಲ್ಲಿ ಕಟ್ಟಿದ 'ಮ್ಯೂರಿಯಲ್' ಎಂಬ ಎಂಜಿನ್ ರೇವನ್‌ಗ್ಲಾಸ್ ಎಂಬಲ್ಲಿನ ರೈಲಿಗೆ ಸೇರಿ, 1927ರಲ್ಲಿ 'ರಿವರ್ ಇರ್ಟ್' ಎಂಬ ಹೊಸ ಹೆಸರು, ಹೊಸ ಬಾಯ್ಲರು ಪಡೆಯಿತು. ಕಟ್ಟಿದವನಿಗಿಂತ ಕಟ್ಟಿದ್ದು ಹೆಚ್ಚು ಕಾಲ ಬಾಳಿತು.

ಈ 15 ಇಂಚಿನ ದಾರಿಯಲ್ಲಿ ಆಮೇಲೆ ಬಂದವರೂ ಹಣವುಳ್ಳವರೇ. ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಎಂಬ ವ್ಯಾಪಾರಿ, ಹೆನ್ರಿ ಗ್ರೀನ್ಲಿ ಎಂಬ ವಿನ್ಯಾಸಕನ ಜೊತೆ ಸೇರಿ, 1905ರ ಹೊತ್ತಿಗೆ ಅದನ್ನು ಸಮುದ್ರತೀರದ ಪ್ರವಾಸಿಗರ ಮೋಜಾಗಿ ಮಾಡಿದ. ಕೌಂಟ್ ಝ್ಬೊರೊವ್ಸ್ಕಿ ಮತ್ತು ಕ್ಯಾಪ್ಟನ್ ಹೋವಿ ಎಂಬ ಇಬ್ಬರು ಕಾರು ರೇಸಿನ ಶೋಕಿದಾರರು ಇನ್ನೂ ಉದ್ದದ ರೈಲಿನ ಕನಸು ಕಂಡರು. ಝ್ಬೊರೊವ್ಸ್ಕಿ 1924ರಲ್ಲಿ ಇಟಲಿಯ ಮೊಂಝಾದ ರೇಸಿನಲ್ಲಿ ಸತ್ತ. ಹೋವಿ ಒಬ್ಬನೇ ಕೆಲಸ ಮುಂದುವರಿಸಿ, 1927ರ ಜುಲೈ 16ರಂದು ಕೆಂಟ್ ಪ್ರಾಂತದಲ್ಲಿ ರೋಮ್ನಿ-ಹೈದ್ ರೈಲನ್ನು ಶುರು ಮಾಡಿದ. ಮರುವರ್ಷ ಅದು ಡಂಜನೆಸ್‌ವರೆಗೆ ಬೆಳೆದು ಹದಿಮೂರೂವರೆ ಮೈಲಿಯಾಯಿತು. ಕೋಟ್ಯಧೀಶನಿಗೆ ಇದು ಸಾಧ್ಯ. ವಾರದ ಸಂಬಳದಲ್ಲಿ ಸಂಸಾರ ತೂಗಿಸುವವನಿಗೆ?

'ಆಯೇಷಾ'ಳ ಸಾಕ್ಷಿ

1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬಾತ ಲಂಡನ್ನಿನಲ್ಲಿ 'ಮಾಡೆಲ್ ಎಂಜಿನಿಯರ್' ಪತ್ರಿಕೆ ಆರಂಭಿಸಿದ. ಮನೆಯಲ್ಲಿ ಸಣ್ಣ ಯಂತ್ರ ಮಾಡಿಕೊಳ್ಳುವವರಿಗೆ ಅದು ಆಸರೆಯಾಯಿತು. ಆದರೆ ಆಗಿನ ಸಣ್ಣ ಎಂಜಿನ್‌ಗಳು ಹೆಚ್ಚಾಗಿ ಸ್ಪಿರಿಟ್ ದೀಪದಿಂದ ಬಾಯ್ಲರು ಕಾಯಿಸುವಂಥವು. ತಮ್ಮ ಗಾಡಿಗಳನ್ನು ಎಳೆದುಕೊಂಡು ಹೋದರೆ ಅದೇ ದೊಡ್ಡದು. ಅಷ್ಟು ಚಿಕ್ಕ ಎಂಜಿನ್ನಿನಲ್ಲಿ ಕಲ್ಲಿದ್ದಲು ಉರಿಯುವುದಿಲ್ಲ, ಅದು ಮನುಷ್ಯನನ್ನು ಎಳೆಯುವುದಿಲ್ಲ ಎಂದು ತಿಳಿದವರೇ ಹೇಳುತ್ತಿದ್ದರು.

ಅವರ ಮಾತಿಗೆ ಆಧಾರವೂ ಇತ್ತು. ಒಂದು ಎಂಜಿನ್ನನ್ನು ಹನ್ನೆರಡನೆಯ ಒಂದು ಭಾಗಕ್ಕೆ ಇಳಿಸಿದೆವು ಎಂದುಕೊಳ್ಳಿ. ಉದ್ದ 12 ಪಟ್ಟು ಕಡಿಮೆಯಾದರೆ, ಮೈಯ ಹರವು 144 ಪಟ್ಟು, ಒಳಗೆ ಹಿಡಿಯುವ ನೀರು 1,728 ಪಟ್ಟು ಕಡಿಮೆಯಾಗುತ್ತದೆ. ಇದ್ದ ನೀರಿನ ಲೆಕ್ಕಕ್ಕೆ ಶಾಖ ಸೋರಿಹೋಗುವ ಮೈ 12 ಪಟ್ಟು ಹೆಚ್ಚಾಯಿತು ಎಂದರ್ಥ. ದೊಡ್ಡ ಎಂಜಿನ್ನಿನ ಬಾಯ್ಲರಿನೊಳಗೆ ಬಿಸಿ ಹೊಗೆ ಹರಿಯುವ ನೂರಾರು ಕೊಳವೆಗಳಿರುತ್ತವೆ. ಅವನ್ನೂ ಅದೇ ಲೆಕ್ಕದಲ್ಲಿ ಸಣ್ಣ ಮಾಡಿದರೆ ಮಸಿ ಕಟ್ಟಿ ಮುಚ್ಚಿಹೋಗುತ್ತವೆ. ಬೆಂಕಿ, ನೀರು, ಇದ್ದಿಲುಗಳಿಗೆ ನಮ್ಮ ಸ್ಕೇಲು ಗೊತ್ತಿಲ್ಲ.

ಈ ಗಂಟನ್ನು ಬಿಡಿಸಿದವನು ಬ್ಯಾರನೆಟ್ ಅಲ್ಲ, ಪದವೀಧರನೂ ಅಲ್ಲ. ಹುಡುಗನಾಗಿದ್ದಾಗ ಲಂಡನ್-ಬ್ರೈಟನ್ ರೈಲ್ವೆಯ ನ್ಯೂಕ್ರಾಸ್ ಶೆಡ್ಡಿನಲ್ಲಿ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದ್ದ ಲಾರೆನ್ಸ್. ಆ ರೈಲ್ವೆ ಕಂಪನಿಯ ಮೊದಲಕ್ಷರಗಳನ್ನೇ ಲೇಖನನಾಮ ಮಾಡಿಕೊಂಡು 'ಎಲ್.ಬಿ.ಎಸ್.ಸಿ.' ಎಂದು ಬರೆಯುತ್ತಿದ್ದ. ದೊಡ್ಡ ಎಂಜಿನ್ನಿನ ಕೆಲಸ ಅವನಿಗೆ ಕೈಯಿಂದ ಗೊತ್ತಿತ್ತು. ಆಕಾರವನ್ನಲ್ಲ, ಕೆಲಸವನ್ನು ನಕಲು ಮಾಡಬೇಕು ಎಂಬುದು ಅವನ ಸೂತ್ರ. ಬಾಯ್ಲರಿನ ಒಳಗೇ ನಿಜವಾದ ಒಲೆ ಇಡು. ಕೊಳವೆಗಳು ಕಡಿಮೆಯಿರಲಿ, ಆದರೆ ದಪ್ಪವಿರಲಿ. ಸಿಲಿಂಡರಿನಿಂದ ಹೊರಬೀಳುವ ಉಗಿಯನ್ನು ಚಿಮಣಿಯಲ್ಲಿ ಮೇಲಕ್ಕೆ ಹಾಯಿಸು. ಅದರ ಸೆಳೆತಕ್ಕೆ ಬೆಂಕಿ ಉರಿಯುತ್ತದೆ. ಎಂಜಿನ್ ಎಷ್ಟು ಎಳೆಯುತ್ತದೋ ಒಲೆ ಅಷ್ಟೇ ಧಗಧಗಿಸುತ್ತದೆ.

1922ರಿಂದ ಪತ್ರಿಕೆಯ ಪುಟಗಳಲ್ಲಿ ಈ ಬಗ್ಗೆ ಜಗಳವೇ ನಡೆಯಿತು. ಅದಕ್ಕೆ 'ಬಾಯ್ಲರುಗಳ ಸಮರ' ಎಂದೇ ಹೆಸರು ಬಿತ್ತು. 1924ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಜನರ ಎದುರಿಗೇ ಪರೀಕ್ಷೆಯಾಯಿತು. ಎದುರಿಗಿದ್ದದ್ದು ಬ್ಯಾಸೆಟ್-ಲೋಕ್ ಕಂಪನಿಯ ಸ್ಪಿರಿಟ್ ಎಂಜಿನ್. ಲಾರೆನ್ಸನ ಎಂಜಿನ್ನಿಗೆ ಎರಡೂವರೆ ಇಂಚಿನ ಗೇಜು, ಇದ್ದಿಲಿನ ಬೆಂಕಿ. ಅವನು ಇಟ್ಟಿದ್ದ ಹೆಸರು 'ಆಯೇಷಾ'. ನಾಲ್ಕು ಬೆರಳಗಲದ ಹಳಿಯ ಮೇಲೆ ಅದು ದೊಡ್ಡ ಮನುಷ್ಯರನ್ನು ಎಳೆದು ತೋರಿಸಿತು. ವಾದ ಅಲ್ಲಿಗೆ ಮುಗಿಯಿತು.

ಗೆದ್ದವನು ತನ್ನ ಗುಟ್ಟನ್ನು ಜೇಬಿನಲ್ಲಿ ಇಟ್ಟುಕೊಂಡು ಕಂಪನಿ ತೆರೆಯಬಹುದಿತ್ತು. ಲಾರೆನ್ಸ್ ಮುಂದಿನ ಸುಮಾರು ನಾಲ್ಕು ದಶಕ, 1967ರಲ್ಲಿ ಸಾಯುವ ಹೊತ್ತಿನವರೆಗೂ, ಅದನ್ನು ಕಂತು ಕಂತಾಗಿ ಬರೆದು ಹಂಚಿದ. ವಿವರಣೆಗೆ ಅವನು 'ಮಾತು' ಎನ್ನುತ್ತಿದ್ದ, ನಕ್ಷೆಗೆ 'ಸಂಗೀತ'. ಕಾಲಿನಿಂದ ತುಳಿಯುವ ಹಳೆಯ ಲೇತು, ಒಂದೆರಡು ಅರ, ಒಂದು ಬ್ಲೋಲ್ಯಾಂಪು ಇದ್ದರೆ ಸಾಕು. ಇಂಥ ಉಪಕರಣ ಇಲ್ಲದಿದ್ದರೆ ಇದರಿಂದ ಹೀಗೆ ಮಾಡಿಕೋ, ಇಲ್ಲಿ ಕೈ ತಪ್ಪಿದರೆ ಹೀಗೆ ಸರಿಪಡಿಸು ಎಂದು ಪಕ್ಕದಲ್ಲಿ ನಿಂತವನ ಹಾಗೆ ಹೇಳುತ್ತಿದ್ದ. 'ಟಿಚ್' ಎಂಬ ಮೂರೂವರೆ ಇಂಚಿನ ಪುಟ್ಟ ಎಂಜಿನ್ನನ್ನು ಹೊಸಬರಿಗೆಂದೇ ಬರೆದ. ಯಂತ್ರಶಾಸ್ತ್ರ ಓದದ ಎಷ್ಟೋ ಜನ ಅವನ ಮಾತನ್ನೇ ಹಿಡಿದು ಎಂಜಿನ್ ಕಟ್ಟಿದರು.

ನಮ್ಮ ಗ್ಯಾರೇಜು, ಲೇತ್ ಅಂಗಡಿಗಳಲ್ಲಿ ವಿದ್ಯೆ ಉಸ್ತಾದನ ಬಾಯಿಂದ ಹುಡುಗನ ಕಿವಿಗೆ ಹೋಗುತ್ತದೆ; ಎಷ್ಟೋ ಸಲ ಕಿವಿಗೂ ಹೋಗದೆ ಉಸ್ತಾದನ ಜೊತೆಗೇ ಮಣ್ಣಾಗುತ್ತದೆ. ಲಾರೆನ್ಸ್ ಮಾಡಿದ್ದು ಆ ಬಾಯಿಮಾತನ್ನು ಬಾಯಿಮಾತಿನ ಧಾಟಿಯಲ್ಲೇ ಅಚ್ಚಿಗೆ ತಂದದ್ದು. ಅವನ ಎಂಜಿನ್‌ಗಳಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಡಿಸ್ನಿಯ ಹಿತ್ತಿಲು

ವಿದ್ಯೆ ಹಂಚಿದರೆ ಹೊಣೆಯೂ ಹಂಚಿಕೆಯಾಗುತ್ತದೆ. ಹಿತ್ತಿಲ ರೈಲುಗಳಲ್ಲಿ ಹೆಚ್ಚು ಹೆಸರಾದದ್ದು ಮಿಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿಯದು. ತನ್ನ ಸ್ಟುಡಿಯೋದ ಯಂತ್ರಶಾಲೆಯ ರೋಜರ್ ಬ್ರೋಗಿಯ ನೆರವಿನಿಂದ, ತಾನೂ ಲೇತಿನ ಕೆಲಸ ಕಲಿತು, ಎಂಟನೆಯ ಒಂದು ಗಾತ್ರದ ಎಂಜಿನ್ ಸಿದ್ಧಪಡಿಸಿದ. ಹೆಂಡತಿ ಲಿಲಿಯನ್ ನೆನಪಿಗೆ 'ಲಿಲಿ ಬೆಲ್' ಎಂದು ಹೆಸರಿಟ್ಟ. ಹಿತ್ತಿಲಲ್ಲಿ ಹಳಿ ಹಾಯಲು ಹೆಂಡತಿ ಮಕ್ಕಳಿಂದ ಒಪ್ಪಂದಪತ್ರಕ್ಕೆ ರುಜು ಹಾಕಿಸಿಕೊಂಡದ್ದೂ ಉಂಟು. 1950ರಲ್ಲಿ ಲಾಸ್ ಏಂಜಲಿಸ್‌ನ ಅವನ ಮನೆಯ ಸುತ್ತ ಸುಮಾರು ಅರ್ಧ ಮೈಲಿಯ ಹಳಿಯ ಮೇಲೆ ರೈಲು ಓಡಿತು. ಸೇತುವೆ, ಸುರಂಗ ಎಲ್ಲವೂ ಇದ್ದವು.

1953ರಲ್ಲಿ ಅತಿಥಿಯೊಬ್ಬ ತಿರುವಿನಲ್ಲಿ ವೇಗವಾಗಿ ಓಡಿಸಿ ಎಂಜಿನ್ ಮಗುಚಿಬಿತ್ತು. ಸೀಟಿ ಮುರಿದು ಉಗಿ ಹೊರಚಿಮ್ಮಿತು. ಕುತೂಹಲದಿಂದ ಹತ್ತಿರ ಓಡಿದ ಪುಟ್ಟ ಹುಡುಗಿಗೆ ಸುಟ್ಟ ಗಾಯವಾಯಿತು. ಡಿಸ್ನಿ ರೈಲನ್ನು ನಿಲ್ಲಿಸಿಬಿಟ್ಟ, ಮತ್ತೆ ಅಲ್ಲಿ ಓಡಿಸಲಿಲ್ಲ. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಸುತ್ತಲೂ ದೊಡ್ಡ ಗಾತ್ರದ ಉಗಿ ರೈಲನ್ನು ಓಡಿಸಿದ.

ಈ ಕಾರಣಕ್ಕೇ ಹವ್ಯಾಸಿಗಳು ಬಾಯ್ಲರನ್ನು ನಂಬಿಕೆಯ ಮೇಲೆ ಬಿಡುವುದಿಲ್ಲ. ತಾಮ್ರದ ತಗಡನ್ನು ಕಾಯಿಸಿ ಬಡಿದು, ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸಿದ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಓಡುವಾಗ ಇರಬೇಕಾದ ಒತ್ತಡದ ಎರಡು ಪಟ್ಟು ಒತ್ತಡ ಕೊಟ್ಟು ನೋಡುತ್ತಾರೆ. ನೀರು ಕುಗ್ಗದ ವಸ್ತು. ಬೆಸುಗೆ ಬಿಟ್ಟರೂ ಅದು ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಮುಂದೆಯೂ ಕಾಲಕಾಲಕ್ಕೆ ಒಂದೂವರೆ ಪಟ್ಟಿನ ಪರೀಕ್ಷೆ ಇದ್ದೇ ಇರುತ್ತದೆ. ಇದನ್ನು ನೋಡುವವನು ಕಟ್ಟಿದವನಲ್ಲ, ಸಂಘದ ಇನ್ನೊಬ್ಬ ಸದಸ್ಯ. ಅವನು ಒಪ್ಪದೆ ಎಂಜಿನ್ ಹಳಿಗೆ ಇಳಿಯುವಂತಿಲ್ಲ. ಎಷ್ಟು ಹಳೆಯ ಗೆಳೆಯನಾದರೂ ಸರಿ.

ಭಾನುವಾರದ ರೈಲು

ಇಂದು ಈ ಹವ್ಯಾಸ ಬದುಕಿರುವುದು ಸಂಘಗಳಲ್ಲಿ. ಬ್ರಿಟನ್ನಿನಲ್ಲಿ ಮೂರೂವರೆ, ಐದು, ಏಳೂಕಾಲು ಇಂಚಿನ ಗೇಜುಗಳು ಬಳಕೆಯಲ್ಲಿವೆ. ಸಣ್ಣ ಗೇಜಿನ ಹಳಿಯನ್ನು ಕಂಬಗಳ ಮೇಲೆ ಎತ್ತರದಲ್ಲಿ ಹಾಸಿರುತ್ತಾರೆ. ಜನ ಹಲಗೆಯ ಮೇಲೆ ಕುದುರೆ ಸವಾರಿಯಂತೆ ಕಾಲು ಇಳಿಬಿಟ್ಟು ಕೂರುತ್ತಾರೆ. ಅಮೆರಿಕದ ಹೆಚ್ಚಿನ ಕಡೆ ಏಳೂಕಾಲರ ಬದಲು ಏಳೂವರೆ. ಈ ಕಾಲು ಇಂಚಿನ ಭೇದದಿಂದ ಅಲ್ಲಿಯ ಎಂಜಿನ್ ಇಲ್ಲಿ ಓಡದು. ಅಮೆರಿಕದ ಓರೆಗಾನ್ ರಾಜ್ಯದ 'ಟ್ರೇನ್ ಮೌಂಟನ್' ಎಂಬಲ್ಲಿ ಕಾಡಿನ ನಡುವೆ ಮೂವತ್ತು ಮೈಲಿಗೂ ಹೆಚ್ಚು ಉದ್ದದ ಇಂಥ ಹಳಿ ಹಾಸಿದ್ದಾರೆ.

ಭಾನುವಾರ ಪಾರ್ಕುಗಳಲ್ಲಿ ಸಂಘದವರು ಅಲ್ಪ ಶುಲ್ಕಕ್ಕೆ ಮಕ್ಕಳನ್ನು ಕೂರಿಸಿ ಓಡಿಸುತ್ತಾರೆ. ಆ ದುಡ್ಡು ಇದ್ದಿಲಿಗೆ, ಹಳಿಯ ದುರಸ್ತಿಗೆ. ನಿವೃತ್ತ ಫಿಟ್ಟರನ ಪಕ್ಕದಲ್ಲಿ ಶಾಲೆಯ ಹುಡುಗ ನಿಂತು ನೀರಿನ ಮಟ್ಟ ನೋಡುವುದನ್ನು, ಬೆಂಕಿ ಕೆದಕುವುದನ್ನು ಕಲಿಯುತ್ತಾನೆ.

ಪುಟ್ಟ ರೈಲು ನಮಗೂ ಹೊಸದಲ್ಲ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು, ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ ಕಂಡ ಮಕ್ಕಳು ಅದರಲ್ಲಿ ಕೂತು ಸುತ್ತಿದ್ದಾರೆ. ಆದರೆ ಅದು ಟಿಕೆಟ್ ಕೊಟ್ಟು ಕೂರುವ ರೈಲು. ನಮ್ಮಲ್ಲೊಬ್ಬರು ಕಟ್ಟಿ ಓಡಿಸುವ ರೈಲಲ್ಲ. ಕೈಯ ಕಸುವಿಗೆ ನಮ್ಮಲ್ಲಿ ಬರವಿಲ್ಲ. ಹಳೆಯ ಎಂಜಿನ್ನಿಗೆ ಸಿಗದ ಬಿಡಿಭಾಗವನ್ನು ಕಬ್ಬಿಣದ ತುಂಡಿನಿಂದ ಕಡೆದುಕೊಡುವ ಉಸ್ತಾದರು ಜಿಲ್ಲೆಗೊಬ್ಬರಲ್ಲ, ಬೀದಿಗೊಬ್ಬರಿದ್ದಾರೆ. ಅವರು ಹೇಳಿದ್ದನ್ನು ಅವರ ಧಾಟಿಯಲ್ಲೇ, ಅವರ ಲೇತು-ಗೇಜು-ನಟ್ಟು-ಬೋಲ್ಟುಗಳ ಕನ್ನಡದಲ್ಲೇ ಬರೆದಿಡುವವರು ಬೇಕು. ಎಂಜಿನ್ ಒರೆಸುತ್ತಿದ್ದ ಹುಡುಗನೊಬ್ಬ ಇಂಗ್ಲಿಷಿಗೆ ಮಾಡಿಕೊಟ್ಟ ಆ ಕೆಲಸ ಕನ್ನಡದಲ್ಲಿ ಇನ್ನೂ ಬಹಳಷ್ಟು ಬಾಕಿ ಇದೆ.